ಲಿಂಬೆ ತೋಟದ ಕರಕಿ, ಜೇಕಿಗೆ ಏನು ಮಾಡೋಣ?

ಪ್ರಶ್ನೆ: ಇಂಡಿ ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಲಿಂಬೆ ತೋಟ. ಆರು ವರ್ಷದ ಗಿಡಗಳು, 6 ಮೀಟರ್ ಅಂತರ, ಡ್ರಿಪ್ ಇದೆ. ತೋಟದ ತುಂಬಾ ಕರಕಿ (ಗರಿಕೆ), ಜೇಕು, ಕಾಂಗ್ರೆಸ್ ಕಸ (ಪಾರ್ಥೇನಿಯಂ), ಹೀಗೆ ಬರೀ ಕಳೆ. ಹೋದ ಮಳೆಗಾಲದಲ್ಲಿ ಎರಡು ಸಲ ರೋಟವೇಟರ್ ಹೊಡೆಸಿದೆವು. ತಿಂಗಳೊಳಗೆ ಕರಕಿ ಮೊದಲಿಗಿಂತ ದಟ್ಟವಾಗಿ ಬಂತು. ಗಿಡದ ಎಲೆ ಹಳದಿಯಾಗಿ ಈಚುಗಾಯಿ (ಎಳೆ ಮಿಡಿಕಾಯಿ) ಉದುರಿದವು. ಆಳು ಸಿಗುತ್ತಿಲ್ಲ. ಅಂಗಡಿಯವರು ಗ್ಲೈಫೋಸೇಟ್ ಕಳೆನಾಶಕಕ್ಕೆ 2,4-ಡಿ ಅನ್ನುವ ಇನ್ನೊಂದು ಕಳೆನಾಶಕ ಸೇರಿಸಿ ಹೊಡೆಯಿರಿ ಅನ್ನುತ್ತಾರೆ. ಹೊಡೆಯಬಹುದಾ? ಅವ್ವ ದಿನಾ ಎಮ್ಮೆಗೆ ಹುಲ್ಲು ಈ ತೋಟದಿಂದಲೇ ಕೊಯ್ದು ತರುತ್ತಾಳೆ. ಔಷಧ ಹೊಡೆದರೆ ಎಷ್ಟು ದಿನ ಬಿಟ್ಟು ತರಬೇಕು?

ಉತ್ತರ: ಟ್ರ್ಯಾಕ್ಟರಿನವರಿಗೆ ಫೋನ್ ಮಾಡುವ ಮೊದಲು, ಅಂಗಡಿಗೆ ಹೋಗುವ ಮೊದಲು, ಒಂದು ಕೆಲಸ ಮಾಡಿ. ಕುರ್ಪಿ ತೆಗೆದುಕೊಂಡು ಯಾವುದಾದರೂ ಒಂದು ಗಿಡದ ನೆರಳಿನ ಅಂಚಿನಲ್ಲಿ ಕೂತುಕೊಳ್ಳಿ. ಮೇಲಿನ ಮಣ್ಣನ್ನು ನಿಧಾನವಾಗಿ ಕೆರೆಯಿರಿ. ನಾಲ್ಕು ಬೆರಳು ಆಳ ಹೋಗುವಷ್ಟರಲ್ಲಿ ದಾರದಂಥ ಸಣ್ಣ ಬೇರುಗಳು ಕೈಗೆ ಸಿಗುತ್ತವೆ. ಲಿಂಬೆ ಗಿಡ ನೀರು, ಗೊಬ್ಬರ ಎಳೆದುಕೊಳ್ಳುವುದು ಈ ಬೇರುಗಳಿಂದಲೇ. ಇವುಗಳಲ್ಲಿ ಬಹುಪಾಲು ಮೇಲಿನ ಒಂದು ಅಡಿ ಮಣ್ಣಿನಲ್ಲಿ ಇರುತ್ತವೆ. ಗಿಡದ ನೆರಳು ಮುಗಿದ ಮೇಲೂ ಒಂದಿಷ್ಟು ದೂರ ಹರಡಿರುತ್ತವೆ. ರೋಟವೇಟರಿನ ಬ್ಲೇಡು ಇಳಿಯುವುದು ನಾಲ್ಕರಿಂದ ಆರು ಇಂಚು. ಅಂದರೆ ಸರಿಯಾಗಿ ಈ ಬೇರುಗಳ ಮೇಲೇ.

ನಿಮ್ಮ ಗಿಡ ಹಳದಿಯಾಗಿದ್ದು, ಈಚು ಉದುರಿದ್ದು ಬಹುಶಃ ಅದಕ್ಕೇ. ಮಳೆಗಾಲದಲ್ಲಿ ಕಾಯಿ ಕಚ್ಚಿರುವಾಗ ಗಿಡಕ್ಕೆ ಒಂದೊಂದು ಬೇರೂ ಬೇಕು. ಆ ಹೊತ್ತಿಗೆ ಎರಡು ಸಲ ಬೇರು ಕಡಿದರೆ ಗಿಡ ಕಾಯಿ ಬಿಟ್ಟು ತನ್ನ ಜೀವ ಉಳಿಸಿಕೊಳ್ಳುತ್ತದೆ. ಇನ್ನೊಂದು ಅಪಾಯವೂ ಇದೆ. ಬೇರು ಕಡಿದ ಗಾಯ, ಮೇಲೆ ತೇವದ ಎರೆ ಮಣ್ಣು. ಬೇರು ಕೊಳೆಸುವ, ಬುಡದಲ್ಲಿ ಅಂಟು ಸೋರಿಸುವ ಫೈಟಾಫ್ತೊರಾ ರೋಗಾಣುವಿಗೆ ಇಂಥ ಜಾಗವೇ ಬೇಕು. ಈಗಲೇ ಒಂದು ಸುತ್ತು ಹಾಕಿ ಬುಡಗಳನ್ನು ನೋಡಿ. ತೊಗಟೆ ಸೀಳಿ ಕಂದು ಅಂಟು ಬರುತ್ತಿದ್ದರೆ ಕಳೆಯ ಮಾತು ಆಮೇಲೆ, ಮೊದಲು ಅದಕ್ಕೆ ಚಿಕಿತ್ಸೆ ಮಾಡಿಸಿ.

ಹಳದಿ ಎಲ್ಲವೂ ಒಂದೇ ಅಲ್ಲ, ಅದನ್ನೂ ಗಮನಿಸಿ. ಹಳೆ ಎಲೆ ಪೂರ್ತಿ ಹಳದಿಯಾಗಿದ್ದರೆ ಸಾರಜನಕ ಸಾಲುತ್ತಿಲ್ಲ. ಬೇರು ಕಡಿದಿರಬಹುದು, ಇಲ್ಲವೇ ಕಳೆ ತಿಂದಿರಬಹುದು. ಎಳೆ ಎಲೆಯಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗಿದ್ದರೆ ಅದು ಸತು ಅಥವಾ ಕಬ್ಬಿಣದ ಕೊರತೆ. ಸುಣ್ಣದ ಅಂಶ ಜಾಸ್ತಿ ಇರುವ ನಿಮ್ಮ ಕಡೆಯ ಮಣ್ಣಿನಲ್ಲಿ ಇದು ಸಾಮಾನ್ಯ. ಇದಕ್ಕೂ ಕಳೆಗೂ ನೇರ ಸಂಬಂಧವಿಲ್ಲ.

ಇನ್ನು ಕರಕಿ ಯಾಕೆ ದಟ್ಟವಾಯಿತು? ಕರಕಿ ನೆಲದ ಮೇಲೂ ಹಬ್ಬುತ್ತದೆ, ನೆಲದೊಳಗೂ ಹರಿಯುತ್ತದೆ. ಪ್ರತಿ ಗಿಣ್ಣಿನಲ್ಲಿ ಒಂದು ಕಣ್ಣು. ಮಾರುದ್ದದ ಒಂದು ಬಳ್ಳಿಯನ್ನು ರೋಟವೇಟರ್ ಇಪ್ಪತ್ತು ತುಂಡು ಮಾಡಿದರೆ ನೀವು ಇಪ್ಪತ್ತು ಕರಕಿ ನೆಟ್ಟ ಹಾಗೆ. ಮೇಲೆ ಮಳೆ ಬಿದ್ದರೆ ಒಂದೂ ಸಾಯುವುದಿಲ್ಲ. ಜೇಕಿನದೂ ಇದೇ ಕಥೆ. ಒಂದು ಗಡ್ಡೆಗೆ ಇನ್ನೊಂದು, ಅದಕ್ಕೆ ಮತ್ತೊಂದು, ಸರದ ಹಾಗೆ ಪೋಣಿಸಿಕೊಂಡಿರುತ್ತವೆ. ಸರ ಕೂಡಿಕೊಂಡಿರುವಷ್ಟು ಕಾಲ ಹಿಂದಿನ ಗಡ್ಡೆಗಳು ಸುಮ್ನೆ ಮಲಗಿರುತ್ತವೆ. ಸರ ಕಡಿದ ಕೂಡಲೇ ಎಲ್ಲವೂ ಏಳುತ್ತವೆ. ಮಳೆಗಾಲದಲ್ಲಿ ಇವೆರಡು ಇರುವ ಹೊಲಕ್ಕೆ ರೋಟವೇಟರ್ ಹಾಕುವುದು ಅಂದರೆ ಕಳೆಯನ್ನು ಕೈಯಾರೆ ಬಿತ್ತಿದಂತೆ. ಇನ್ನು ಮೇಲೆ ಅದನ್ನು ತೋಟದೊಳಗೆ ಬಿಡಬೇಡಿ.

ತೋಟ ಅಂದರೆ ಒಂದು ಹುಲ್ಲುಕಡ್ಡಿಯೂ ಇಲ್ಲದೆ ಅಂಗಳದ ಹಾಗೆ ಇರಬೇಕು ಅನ್ನುವ ಮಾತು ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಪಕ್ಕದ ಹೊಲದವರು ನೋಡಿ ಏನಂದಾರು ಅನ್ನುವ ಚಿಂತೆ ಬೇರೆ. ನಾನೂ ಮೊದಮೊದಲು ರೈತರಿಗೆ ಹಾಗೆಯೇ ಹೇಳುತ್ತಿದ್ದೆ. ವರ್ಷಾನುಗಟ್ಟಲೆ ತೋಟ ಸುತ್ತಿದ ಮೇಲೆ ಆ ಮಾತು ಬಿಟ್ಟಿದ್ದೇನೆ. ಲೆಕ್ಕ ನೋಡಿ. 6 ಮೀಟರ್ ಅಂತರದಲ್ಲಿ ಒಂದು ಗಿಡಕ್ಕೆ 36 ಚದರ ಮೀಟರ್ ಜಾಗ. ಎಕರೆಗೆ ಸುಮಾರು 110 ಗಿಡ. ಬುಡದಿಂದ ಎಲ್ಲ ದಿಕ್ಕಿಗೂ ಒಂದೂವರೆ ಮೀಟರ್ ಪಾತಿ ಮಾತ್ರ ಚೊಕ್ಕಟವಾಗಿಟ್ಟರೆ ಅದು 7 ಚದರ ಮೀಟರ್. ಇಡೀ ತೋಟದ ಐದನೇ ಒಂದು ಪಾಲು ಅಷ್ಟೇ! ನಾಲ್ಕು ಎಕರೆಯಲ್ಲಿ ನೀವು ನಿಜವಾಗಿ ಕಳೆ ತೆಗೆಯಬೇಕಾದ್ದು ಮುಕ್ಕಾಲು ಎಕರೆ ಚಿಲ್ಲರೆ. ಉಳಿದ ಜಾಗದಲ್ಲಿ ಹುಲ್ಲು ಇರಲಿ, ಗಿಡ್ಡವಾಗಿ ಇರಲಿ. ಆಳು ಸಿಗುವುದಿಲ್ಲ ಅನ್ನುವ ನಿಮ್ಮ ತೊಂದರೆಗೆ ನನಗೆ ಗೊತ್ತಿರುವ ದೊಡ್ಡ ಪರಿಹಾರ ಇದೇ.

ಪಾತಿಯ ಕೆಲಸ ಹೇಳುತ್ತೇನೆ. ಇಲ್ಲಿ ಸ್ವಲ್ಪ ಸಮಾಧಾನ ಬೇಕು.

ಬೇಸಿಗೆಯಲ್ಲಿ, ಮಳೆಗೆ ಒಂದು ತಿಂಗಳು ಇರುವಾಗ ಶುರು ಮಾಡಿ. ಪಾತಿಯೊಳಗಿನ ಕರಕಿಯನ್ನು ಕುರ್ಪಿಯಿಂದ ಸಡಿಲ ಮಾಡಿ, ಬಳ್ಳಿ ತುಂಡಾಗದಂತೆ ಕೈಯಿಂದ ಎಳೆದು ತೆಗೆಯಿರಿ. ಎರಡು ಇಂಚಿಗಿಂತ ಆಳ ಕೆದಕಬೇಡಿ. ಹಿಂದಿನ ದಿನ ಡ್ರಿಪ್ ಸ್ವಲ್ಪ ಬಿಟ್ಟಿದ್ದರೆ ಎರೆ ಮಣ್ಣು ಬಿಡುತ್ತದೆ, ಬಳ್ಳಿ ಉದ್ದುದ್ದ ಬರುತ್ತದೆ. ಕಿತ್ತದ್ದನ್ನು ಅಲ್ಲೇ ಬಿಡಬೇಡಿ. ತೋಟದ ಹೊರಗೆ ಬಂಡೆಯ ಮೇಲೋ, ತಾಡಪಾಲಿನ ಮೇಲೋ ಹಾಕಿ ಬಿಸಿಲಿಗೆ ಒಣಗಿಸಿ. ವಿಜಯಪುರದ ಏಪ್ರಿಲ್, ಮೇ ಬಿಸಿಲಿನಷ್ಟು ಒಳ್ಳೆಯ ಕಳೆನಾಶಕ ಯಾವ ಅಂಗಡಿಯಲ್ಲೂ ಇಲ್ಲ. ಗರಿಗರಿಯಾಗಿ ಒಣಗಿದ ಬಳ್ಳಿ ಮತ್ತೆ ಚಿಗುರುವುದಿಲ್ಲ.

ಆಮೇಲೆ ಪಾತಿಗೆ ಹೊದಿಕೆ ಹಾಕಿ. ಭೀಮಾ ದಂಡೆಯ ಕಡೆ ಕಬ್ಬು ಬೆಳೆಯುವವರು ಕಟಾವಾದ ಮೇಲೆ ರವದಿಗೆ (ಕಬ್ಬಿನ ಒಣ ಎಲೆಗೆ) ಬೆಂಕಿ ಇಡುತ್ತಾರೆ. ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಒಂದು ಎಕರೆ ಕಬ್ಬಿನಿಂದ 3ರಿಂದ 4 ಟನ್ ರವದಿ ಬರುತ್ತದೆ. ಮೊದಲೇ ಮಾತಾಡಿ ತರಿಸಿಕೊಳ್ಳಿ. ಕಡಲೆ ಹೊಟ್ಟು, ಪುಡಿ ಮಾಡಿದ ತೊಗರಿ ಕಟ್ಟಿಗೆ ಕೂಡ ಆಗುತ್ತದೆ. ಜೋಳದ ಕಣಿಕೆ ಮಾತ್ರ ಎಮ್ಮೆಗೇ ಇರಲಿ. ಹೊದಿಕೆ ನಾಲ್ಕು ಇಂಚು ದಪ್ಪ ಇರಬೇಕು. ತೆಳ್ಳಗೆ ಉದುರಿಸಿದರೆ ಏನೂ ಪ್ರಯೋಜನವಿಲ್ಲ, ಬೆಳಕು ನುಸುಳಿ ಬೀಜ ಮೊಳೆಯುತ್ತದೆ. ನಾಲ್ಕು ಎಕರೆಗೂ ಒಂದೇ ವರ್ಷದಲ್ಲಿ ಅಷ್ಟು ದಪ್ಪ ಹೊದಿಸುವಷ್ಟು ಸಾಮಾನು ನಿಮಗೆ ಸಿಗಲಿಕ್ಕಿಲ್ಲ. ಹಾಗಾಗಿ ಒಂದು ಎಕರೆಗೆ ಪೂರ್ತಿ ಹಾಕಿ, ಎಲ್ಲ ಕಡೆ ಅರೆಬರೆ ಹಾಕಬೇಡಿ. ಬೊಡ್ಡೆಯಿಂದ ಒಂದು ಅಡಿ ಬಿಟ್ಟೇ ಹಾಕಿ. ತೇವದ ಹೊದಿಕೆ ಬೊಡ್ಡೆಗೆ ತಾಗಿದರೆ ತೊಗಟೆ ಕೊಳೆಯುತ್ತದೆ, ಗೆದ್ದಲೂ ಹತ್ತುತ್ತದೆ. ಡ್ರಿಪ್ ಪೈಪು ಹೊದಿಕೆಯ ಕೆಳಗೆ ಇರಲಿ.

ಹೊದಿಕೆಗೂ ಒಂದು ಮಿತಿ ಇದೆ. ಬೀಜದಿಂದ ಬರುವ ಕಳೆಯನ್ನು ಅದು ಚೆನ್ನಾಗಿ ತಡೆಯುತ್ತದೆ. ಕರಕಿಯನ್ನು ಮೊದಲು ಕಿತ್ತು ಹಾಕಿದ್ದರೆ ಆಮೇಲೆ ಅಲ್ಲಿ ಇಲ್ಲಿ ಬರುವುದನ್ನು ಎಳೆದು ತೆಗೆದರೆ ಸಾಕು, ಹೊದಿಕೆ ಕೆಳಗಿನ ಮಣ್ಣು ಹದವಾಗಿರುತ್ತದೆ. ಜೇಕು ಮಾತ್ರ ಸೂಜಿಯ ಹಾಗೆ ಚುಚ್ಚಿಕೊಂಡು ಮೇಲೆ ಬರುತ್ತದೆ. ಪ್ಲಾಸ್ಟಿಕ್ ಹೊದಿಕೆಯನ್ನೂ ತೂತು ಮಾಡುತ್ತದೆ. ಆದರೆ ಜೇಕಿಗೆ ಒಂದು ದೌರ್ಬಲ್ಯ ಇದೆ, ಅದು ನೆರಳು ತಾಳುವುದಿಲ್ಲ. ಗಿಡ ಬೆಳೆದು ಪಾತಿ ನೆರಳಾದಂತೆ ಅದು ತಾನೇ ಸೊರಗುತ್ತದೆ. ಅಲ್ಲಿಯವರೆಗೆ ಎರಡು ಮೂರು ವಾರಕ್ಕೊಮ್ಮೆ ಬಿಡದೆ ತಲೆ ಕೊಯ್ಯುತ್ತಿರಿ. ಎಲೆ ಬಂದಾಗಲೆಲ್ಲ ಹೋದರೆ ಗಡ್ಡೆಗೆ ಊಟ ಇಲ್ಲ. ಒಂದು ವರ್ಷದಲ್ಲಿ ಮುಗಿಯುವ ಕೆಲಸ ಅಲ್ಲ. ಎರಡನೇ ವರ್ಷದಿಂದ ವ್ಯತ್ಯಾಸ ನಿಮ್ಮ ಕಣ್ಣಿಗೇ ಕಾಣುತ್ತದೆ.

ಈಗ ಸಾಲುಗಳ ನಡುವಿನ ಜಾಗ. ಮುಂಗಾರಿನ ಮೊದಲ ಹದ ಮಳೆಗೆ ಅಲ್ಲಿ ಸೆಣಬು ಒತ್ತಾಗಿ ಬಿತ್ತಿ. ಎಕರೆಗೆ 15ರಿಂದ 20 ಕಿಲೊ ಬೀಜ ಬೇಕು. ಬಿತ್ತನೆಗೆ ಎತ್ತಿನ ಕುಂಟೆ ಮೇಲೆ ಮೇಲೆ ಆಡಿಸಿದರೆ ಸಾಕು, ಅದೂ ಪಾತಿಯಿಂದ ದೂರ. ಸೆಣಬು ಬೇಗ ಎತ್ತರಕ್ಕೆ ಹೋಗಿ ನೆರಳು ಮಾಡುತ್ತದೆ. ಕರಕಿ, ಜೇಕು ಎರಡಕ್ಕೂ ನೆರಳೇ ಶತ್ರು. 45ರಿಂದ 50 ದಿನಕ್ಕೆ ಹೂ ಕಾಣುವಾಗ ಕೊಯ್ದು ಪಾತಿಗೆ ಹಾಸಿ. ಹೊದಿಕೆಯೂ ಆಯಿತು, ಸಾರಜನಕವೂ ಆಯಿತು. ತಡ ಮಾಡಿದರೆ ಕಾಂಡ ನಾರಾಗಿ ಕುಡುಗೋಲಿಗೆ ಬಗ್ಗುವುದಿಲ್ಲ. ಕಾಳು ಬೇಕು ಅನ್ನುವವರು ಹೆಸರು, ಅಲಸಂದಿ, ಹುರುಳಿ ಹಾಕಬಹುದು. ಹಬ್ಬುವ ತಳಿಯಾದರೆ ಗಿಡಕ್ಕೆ ಏರದಂತೆ ನೋಡಿಕೊಳ್ಳಿ. ಮೆಕ್ಕೆಜೋಳ, ಹತ್ತಿ ಬೇಡ. ಅವು ಲಿಂಬೆಯ ಪಾಲಿನ ನೀರು, ಗೊಬ್ಬರ ಎರಡನ್ನೂ ತಿನ್ನುತ್ತವೆ.

ಬಿತ್ತಲು ಆಗದ ಕಡೆ ಬ್ರಷ್ ಕಟರ್ ಓಡಿಸಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ. ನೆಲ ಕಾಣುವ ಹಾಗೆ ಬೋಳಿಸಬೇಡಿ, ಎರಡು ಮೂರು ಇಂಚು ಬಿಡಿ. ಕಳೆ ತೆನೆ ಕಟ್ಟುವ ಮೊದಲೇ ಕೊಯ್ದುಬಿಡಬೇಕು, ಗುಟ್ಟು ಇರುವುದು ಅಲ್ಲೇ. ಯಂತ್ರವನ್ನು ಬೊಡ್ಡೆಯ ಹತ್ತಿರ ಒಯ್ಯಬೇಡಿ. ನೈಲಾನ್ ದಾರ ಒಂದು ಸಲ ತೊಗಟೆಗೆ ಬಡಿದರೂ ಸಾಕು, ಅಂಟು ರೋಗಕ್ಕೆ ಬಾಗಿಲು ತೆರೆದಂತೆ. ಕೊಡಗಿನ ಕಡೆ ಕಾಫಿ, ಕಿತ್ತಳೆ ತೋಟಗಳಲ್ಲಿ ಇಳಿಜಾರಿನ ಮಣ್ಣು ಕೊಚ್ಚಿಹೋಗದಿರಲಿ ಎಂದು ಕಳೆ ಅಗೆಯದೆ ಕತ್ತಿಯಿಂದ ಕೊಚ್ಚುವುದನ್ನು ನೋಡಿರಬಹುದು. ನಿಮ್ಮ ಬಯಲು ನಾಡಿಗೆ ಕಾರಣ ಬೇರೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಸೆಪ್ಟೆಂಬರ್ ಸುತ್ತಮುತ್ತ ರಪರಪ ಬೀಳುತ್ತದೆ. ಬೋಳು ಎರೆ ಮಣ್ಣಿನ ಮೇಲೆ ಬಿದ್ದ ನೀರು ಹರಿದು ಹೋಗುತ್ತದೆ. ಹುಲ್ಲಿನ ಬೇರು ಇದ್ದ ಕಡೆ ಒಳಗೆ ಇಳಿಯುತ್ತದೆ.

ಹಸ್ತ ಬಹಾರ್ (ಮಳೆಗಾಲದ ಕೊನೆಗೆ ಹೂ ಬಿಡಿಸುವ ಬೆಳೆ) ಹಿಡಿಯುವವರಾದರೆ ಇನ್ನೊಂದು ಲಾಭವಿದೆ. ಬೇಸಿಗೆಯಲ್ಲಿ ಲಿಂಬೆಗೆ ಬೆಲೆ ಬರುವಾಗ ಕಾಯಿ ಕೈಗೆ ಸಿಗಬೇಕು ಎಂದು ಮಳೆಗಾಲದ ಕೊನೆಗೆ ನೀರು ನಿಲ್ಲಿಸಿ ಗಿಡವನ್ನು ಒಣಗಿಸುತ್ತೀರಲ್ವಾ? ಆಗ ಸಾಲಿನ ನಡುವಿನ ಹುಲ್ಲು ಮಣ್ಣಿನ ತೇವ ಹೀರಿ ನಿಮಗೆ ನೆರವಾಗುತ್ತದೆ. ನೀರು ಬಿಡುವ ಹಿಂದಿನ ದಿನ ಅದನ್ನು ಗಿಡ್ಡ ಕೊಯ್ದುಬಿಡಿ. ಹೂವಿನಿಂದ ಕಾಯಿ ಕಚ್ಚುವವರೆಗೆ ಪಾತಿಯಲ್ಲಿ ಒಂದೂ ಕಳೆ ಇರಕೂಡದು. ಈ ಒಂದೂವರೆ, ಎರಡು ತಿಂಗಳು ರಾಜಿ ಬೇಡ.

ಕಾಂಗ್ರೆಸ್ ಕಸಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕೆ ಗಡ್ಡೆ ಇಲ್ಲ, ಬೀಜ ಮಾತ್ರ. ಹೂ ಬಿಡುವ ಮೊದಲು, ನೆಲ ಹಸಿ ಇರುವಾಗ ಕೈಗವಸು ಹಾಕಿಕೊಂಡು ಬೇರುಸಮೇತ ಕಿತ್ತರೆ ಮುಗಿಯಿತು. ಹೂ ಬಿಟ್ಟ ಮೇಲೆ ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಮಳೆಗಾಲದಲ್ಲಿ ಅದರ ಎಲೆ ಮೇಲೆ ಬಿಳಿ ಬಣ್ಣದ, ಕಂದು ಗೆರೆಯ ಪುಟ್ಟ ದುಂಬಿ ಕಂಡರೆ ಕೊಲ್ಲಬೇಡಿ. ಅದು ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟ ಜೈಗೊಗ್ರಾಮಾ ದುಂಬಿ. ಕಾಂಗ್ರೆಸ್ ಎಲೆ ತಿಂದು ಬದುಕುತ್ತದೆ, ನಿಮ್ಮ ಲಿಂಬೆಗೆ ಏನೂ ಮಾಡುವುದಿಲ್ಲ. ಉಪ್ಪಿನ ನೀರು ಸಿಂಪಡಿಸಿದರೆ ಕಾಂಗ್ರೆಸ್ ಸಾಯುತ್ತದೆ ಅನ್ನುವ ವಿಡಿಯೊಗಳು ಮೊಬೈಲಿನಲ್ಲಿ ಓಡಾಡುತ್ತವೆ. ಸಾಯುತ್ತದೆ, ನಿಜ. ಆದರೆ ಹಣ್ಣಿನ ಗಿಡಗಳಲ್ಲಿ ಉಪ್ಪನ್ನು ತೀರಾ ತಾಳದ ಜಾತಿ ಅಂದರೆ ಲಿಂಬೆ, ಕಿತ್ತಳೆಯದು. ರಸ್ತೆ ಬದಿಗೆ ಏನಾದರೂ ಮಾಡಿಕೊಳ್ಳಲಿ, ತೋಟದೊಳಗೆ ಉಪ್ಪು ಬರಕೂಡದು.

ಈಗ ಅಂಗಡಿಯವರ ಮಾತಿಗೆ ಬರುತ್ತೇನೆ. ಗ್ಲೈಫೋಸೇಟ್ ಜೊತೆ 2,4-ಡಿ ನಿಮ್ಮ ತೋಟಕ್ಕೆ ಬೇಡ. ಸ್ಪಷ್ಟವಾಗಿ ಹೇಳುತ್ತಿದ್ದೇನೆ, ಬೇಡ.

2,4-ಡಿ ಅಗಲ ಎಲೆಯ ಗಿಡಗಳನ್ನು ಕೊಲ್ಲುವ ಔಷಧ. ಕರಕಿ ಹುಲ್ಲಿನ ಜಾತಿ, ಅದಕ್ಕೆ ಇದರಿಂದ ಏನೂ ಆಗುವುದಿಲ್ಲ. ಆದರೆ ನಿಮ್ಮ ಲಿಂಬೆ ಅಗಲ ಎಲೆಯದು. ಗಾಳಿಗೆ ಹಾರಿ ಬಂದ ಸಣ್ಣ ಹನಿಯೂ ಚಿಗುರನ್ನು ಸುರುಳಿ ಮಾಡುತ್ತದೆ. ಪಕ್ಕದಲ್ಲಿ ದ್ರಾಕ್ಷಿ ತೋಟ, ಹತ್ತಿ, ತೊಗರಿ ಇದ್ದರೆ ಅವಕ್ಕೂ ಪೆಟ್ಟು. ದ್ರಾಕ್ಷಿಯಂತೂ ಇದಕ್ಕೆ ತೀರಾ ಸೂಕ್ಷ್ಮ. ನಿಮ್ಮ ಗಿಡದ ಚಿಗುರು ಕಾರಣವಿಲ್ಲದೆ ಸುರುಳಿಯಾಗಿ ತಿರುಚಿದ್ದರೆ, ಪಕ್ಕದ ಕಬ್ಬಿಗೋ ಮೆಕ್ಕೆಜೋಳಕ್ಕೋ ಇದನ್ನು ಹೊಡೆದಿದ್ದಾರಾ ಎಂದು ಕೇಳಿ ನೋಡಿ.

ಗ್ಲೈಫೋಸೇಟ್ ಎಲೆಯಿಂದ ಇಳಿದು ಬೇರಿನವರೆಗೂ ಹೋಗುತ್ತದೆ. ಕರಕಿಗೆ ಇದು ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದೇ ಗುಣ ನಿಮ್ಮ ಗಿಡಕ್ಕೂ ಕುತ್ತು. ಆರು ವರ್ಷದ ಲಿಂಬೆಯ ಕೆಳಗಿನ ಕೊಂಬೆಗಳು ನೆಲ ಮುಟ್ಟುತ್ತಿರುತ್ತವೆ. ಬುಡದಲ್ಲಿ ಹಸಿರು ಚಿಗುರು ಇರುತ್ತದೆ. ಹನಿ ಅಲ್ಲಿ ಬಿದ್ದರೆ ಔಷಧ ಗಿಡದೊಳಗೆ ಹೋಗುತ್ತದೆ. ಆಮೇಲೆ ಬರುವ ಚಿಗುರು ದಾರದ ಹಾಗೆ ಕಿರಿದಾಗಿ ಬರುತ್ತದೆ. ಕಾನೂನಿನ ಮಾತೂ ಇದೆ. ಡಬ್ಬದ ಲೇಬಲ್ಲಿನಲ್ಲಿ ಚಹಾ ತೋಟ, ಬೆಳೆ ಇಲ್ಲದ ಜಾಗ ಎಂದು ಇರುತ್ತದೆ. ಲಿಂಬೆ ಎಂದು ಇರುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆದೇಶದಂತೆ, ಪರವಾನಗಿ ಇರುವ ಕೀಟ ನಿಯಂತ್ರಕರ ಮೂಲಕ ಬಿಟ್ಟು ಬೇರೆಯವರು ಅದನ್ನು ಬಳಸುವಂತಿಲ್ಲ. ನಿಮ್ಮ ಇಂಡಿ ಲಿಂಬೆಗೆ ಈಗ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಹೊರಗಿನ ಮಾರುಕಟ್ಟೆಯವರು ನಾಳೆ ಕಾಯಿಯಲ್ಲಿ ಔಷಧದ ಉಳಿಕೆ ಇದೆಯಾ ಎಂದು ಪರೀಕ್ಷೆ ಮಾಡಿಸಿದರೆ ಉತ್ತರ ಕೊಡಬೇಕಾದವರು ನೀವು.

ಗ್ಲೈಫೋಸೇಟ್ ಬೇಡ ಅಂದರೆ ಕೆಲವರು ಪ್ಯಾರಾಕ್ವಾಟ್ ಹಿಡಿಯುತ್ತಾರೆ. ಅದು ಮೇಲಿನ ಹಸಿರು ಮಾತ್ರ ಸುಡುತ್ತದೆ. ಕರಕಿ ಮೂರು ವಾರದಲ್ಲಿ ಮತ್ತೆ ಎದ್ದು ನಿಲ್ಲುತ್ತದೆ. ಮನುಷ್ಯರ ಹೊಟ್ಟೆಗೆ ಹೋದರೆ ಅದಕ್ಕೆ ಮದ್ದಿಲ್ಲ. ಮಕ್ಕಳು, ಮುದುಕರು ಓಡಾಡುವ ಮನೆಯಲ್ಲಿ ಆ ಡಬ್ಬವೇ ಇರುವುದು ಬೇಡ ಅನ್ನುತ್ತೇನೆ.

ಇಷ್ಟೆಲ್ಲ ಮಾಡಿಯೂ ಒಂದೆರಡು ಕಡೆ ಕರಕಿ ಬಗ್ಗದಿದ್ದರೆ ಇಂಡಿಯಲ್ಲೇ ಇರುವ ಕೃಷಿ ವಿಜ್ಞಾನ ಕೇಂದ್ರದವರನ್ನು ತೋಟಕ್ಕೆ ಕರೆದು ತೋರಿಸಿ. ಅವರು ಆ ಜಾಗ ನೋಡಿ ಹೇಳಲಿ. ಯಾವುದೇ ಕಳೆನಾಶಕ ಬಳಸುವ ಕಾಲ ಬಂದರೆ ಅದಕ್ಕೆ ಬೇರೆಯೇ ಪಂಪ್ ಇಡಿ. ತೊಳೆದರೆ ಸಾಕು ಅಂದುಕೊಂಡು ಅದೇ ಪಂಪಿನಲ್ಲಿ ಲಿಂಬೆಗೆ ಸತುವೋ ಕೀಟನಾಶಕವೋ ಹೊಡೆದು ಗಿಡ ಕೆಟ್ಟ ತೋಟಗಳನ್ನು ನಾನು ಕಂಡಿದ್ದೇನೆ.

ಹೊಸ ಕಳೆ ಎಲ್ಲಿಂದ ಬರುತ್ತಿದೆ ಎಂದೂ ನೋಡಿ. ಹಸಿ ಸಗಣಿ ಗೊಬ್ಬರ ಹಾಕಿದರೆ ಅದರೊಳಗಿನ ಬೀಜವನ್ನೂ ಹಾಕಿದಂತೆ. ಗುಂಡಿಯಲ್ಲಿ ಚೆನ್ನಾಗಿ ಕಾವು ಬಂದು, ಒಂದೆರಡು ಸಲ ತಿರುವಿ ಕೊಳೆತ ಗೊಬ್ಬರವೇ ಬೇಕು. ಬೇಸಿಗೆಯಲ್ಲಿ ಕುರಿ ನಿಲ್ಲಿಸುವ ಪದ್ಧತಿ ನಿಮ್ಮ ಕಡೆ ಇದೆ. ಖಾಲಿ ಹೊಲಕ್ಕೆ ಒಳ್ಳೆಯದು. ಲಿಂಬೆ ತೋಟದೊಳಗೆ ಬೇಡ. ಹಿಕ್ಕೆಯಲ್ಲಿ ಬಳ್ಳಾರಿ ಜಾಲಿಯ ಬೀಜ ಬರುತ್ತದೆ, ಚಿಗುರೂ ಉಳಿಯುವುದಿಲ್ಲ. ಬೇಲಿಯಲ್ಲಿ ದಾಗಡಿ ಬಳ್ಳಿ, ಅಮೃತಬಳ್ಳಿ ಹಬ್ಬಿದ್ದರೆ ಒಮ್ಮೆ ಗಮನಿಸಿ. ರಾತ್ರಿ ಬಂದು ಹಣ್ಣಿಗೆ ತೂತು ಮಾಡಿ ರಸ ಹೀರುವ ಪತಂಗದ ಹುಳು ಬೆಳೆಯುವುದು ಈ ಬಳ್ಳಿಗಳ ಮೇಲೆ. ಮನೆ ಮದ್ದಿಗೆ ಅಮೃತಬಳ್ಳಿ ಬೇಕಾದರೆ ಹಿತ್ತಲಲ್ಲಿ ಒಂದು ಇರಲಿ, ತೋಟದ ಬೇಲಿ ತುಂಬಾ ಬೇಡ. ಗಿಡದ ಮೇಲೆ ಹಳದಿ ದಾರದಂಥ ಆಕಾಶಬಳ್ಳಿ ಕಂಡರೆ ಅದು ಹಿಡಿದ ರೆಂಬೆಯನ್ನೇ ಕತ್ತರಿಸಿ ಸುಟ್ಟುಬಿಡಿ. ಒಂದು ತುಂಡು ಉಳಿದರೂ ಮತ್ತೆ ಹಬ್ಬುತ್ತದೆ.

ಕೊನೆಗೆ ಅವ್ವ ಮತ್ತು ಎಮ್ಮೆ. ಈ ಪ್ರಶ್ನೆ ಕೇಳಿದ್ದಕ್ಕೆ ನಿಮ್ಮ ಮೇಲೆ ಗೌರವ ಬಂತು, ಸಾಮಾನ್ಯವಾಗಿ ಇದನ್ನು ಯಾರೂ ಕೇಳುವುದಿಲ್ಲ. ನಾನು ಹೇಳಿದ ಹಾಗೆ ಮಾಡಿದರೆ ಸಾಲಿನ ನಡುವೆ ಔಷಧವೇ ಬೀಳುವುದಿಲ್ಲ. ಅವ್ವ ಎಂದಿನಂತೆ ಹುಲ್ಲು ಕೊಯ್ಯಲಿ, ಅದರಿಂದ ತೋಟದ ಕೆಲಸವೂ ಅರ್ಧ ಕಡಿಮೆಯಾಗುತ್ತದೆ. ಎಮ್ಮೆಗೆ ಕರಕಿ ಒಳ್ಳೆಯ ಮೇವು. ಕಾಂಗ್ರೆಸ್ ಕಸ ಮಾತ್ರ ಹೊರೆಯೊಳಗೆ ಸೇರಬಾರದು, ಹಾಲು ಕಹಿಯಾಗುತ್ತದೆ. ಹತ್ತರಕಿ, ಗೋಣಿ ಸೊಪ್ಪು ಕಂಡರೆ ರೊಟ್ಟಿ ಜೊತೆಗೆ ಅವ್ವ ಮನೆಗೂ ಒಂದಿಷ್ಟು ತರುತ್ತಿರಬಹುದು. ಯಾವಾಗಾದರೂ ಕಳೆನಾಶಕ ಆಗಲಿ, ಕೀಟನಾಶಕ ಆಗಲಿ ಹೊಡೆದಾಗ, ಆ ಸಾಲಿನ ಎರಡೂ ತುದಿಗೆ ಕೆಂಪು ಬಟ್ಟೆ ಕಟ್ಟಿ ಅವ್ವನಿಗೆ ಮೊದಲೇ ಹೇಳಿಬಿಡಿ. ಎಷ್ಟು ದಿನ ಬಿಡಬೇಕು ಎಂದು ಆ ಡಬ್ಬದ ಮೇಲೇ ಬರೆದಿರುತ್ತದೆ. ಬರೆದಿಲ್ಲದಿದ್ದರೆ, ಸುಟ್ಟ ಹುಲ್ಲು ಪೂರ್ತಿ ಹೋಗಿ ಹೊಸ ಹುಲ್ಲು ಬಂದು, ಅದನ್ನೂ ಒಮ್ಮೆ ಕೊಯ್ದು ಎಸೆದು, ಅದರ ಮುಂದಿನ ಹುಲ್ಲನ್ನು ಎಮ್ಮೆಗೆ ಹಾಕಲಿ.